ಸುಣ್ಣ ಮುಟ್ಟದ ಸಂದು

೧೯೩೭ನೆಯ ಇಸವಿ ಆಗಸ್ಟ್ ೨೦, ಶುಕ್ರವಾರ. ಮುಂಜಾನೆ ಹತ್ತೂವರೆಗೆ ಗೋಕಾಕ ಪೊಲೀಸ್ ಠಾಣೆಯ ಮುಂದೆ ಒಂದು ಚಕ್ಕಡಿ ನಿಂತಿತು. ಅದರಿಂದ ಇಳಿದ ಹೆಂಗಸು ಯಾರನ್ನೂ ಕೇಳದೆ ಮೆಟ್ಟಿಲೇರಿದಳು. ಹಿಂದೆ ಇಳಿದ ಗಂಡಸು ಮಾತ್ರ ಒಳಗೆ ಬರದೆ ಎತ್ತಿನ ಕೊರಳು ಸವರುತ್ತ ಹೊರಗೇ ಉಳಿದ.

ಫೌಜದಾರ ಅಣ್ಣಾಸಾಹೇಬರು ಕಿಟಕಿಯ ಹತ್ತಿರ ನಿಂತಿದ್ದರು. ನಾಲ್ಕು ದಿನದಿಂದ ಮಳೆ ಬೀಳುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಇಂಥ ಹವೆಯಲ್ಲಿ ಅವರಿಗೆ ಕುರ್ಚಿಯಲ್ಲಿ ಕೂಡ್ರಲಾಗುತ್ತಿರಲಿಲ್ಲ.

"ಯಾವ ಊರವ್ವಾ?"

"ಅಂಕಲಗಿ ರೀ. ಸತ್ತೆವ್ವ ಅಂತಾರ. ನನ್ನ ಗಂಡ ಯಲ್ಲಪ್ಪನ್ನ ವೀರಪ್ಪ ಸಾವಕಾರ ಕೊಂದಾನ್ರಿ."

"ಹೆಂಗ ಕೊಂದ?"

"ಹಗೇವಿನ್ಯಾಗ ಇಳಿಸಿ."

ಹಗೇವು ಎಂದರೆ ಅಂಗಳದ ನೆಲದಡಿ ಮಡಕೆಯಂತೆ ತೋಡಿ ಜೋಳ ತುಂಬಿಡುವ ಗುಂಡಿ. ತಿಂಗಳುಗಟ್ಟಲೆ ಮುಚ್ಚಿದ್ದರಿಂದ ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದು ಅರ್ಧ ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಾನೆ.

"ಕಂದೀಲು ಇಳಿಸಲಿಲ್ಲೇನು?"

"ಇಳಿಸಿದ್ರ ಯಾಕ ಸಾಯ್ತಿದ್ದರಿ? ಇಳಿಸೀವಿ ಅಂತಾರ ಎಲ್ಲಾರೂ. ಅವನ ರೊಟ್ಟಿ ತಿನ್ನಾವ್ರು ಮತ್ತೇನಂತಾರ?"

"ಹೊರಗ ನಿಂತಾಂವ ಯಾರು?"

"ನಮ್ಮಣ್ಣ ಶೆಟ್ಟೆಪ್ಪರಿ, ಗವಂಡಿ. ಕಲ್ಲು ಸುಣ್ಣದ ಕೆಲಸ ಮಾಡ್ತಾನ. ಫರ್ಯಾದಿ ಬ್ಯಾಡ, ಅಕಸ್ಮಾತ್ ಅಂತ ಬರಸಿ ಬಿಡು ಅಂದ. ನಾ ಕೇಳಲಿಲ್ಲ." ಸತ್ತೆವ್ವನ ದನಿ ಏರಲಿಲ್ಲ. "ಅಕಸ್ಮಾತ್ ಅಂತ ಬರದ್ರ ನನ್ನ ಗಂಡ ತನ್ನ ತಪ್ಪಿಲೆ ಸತ್ತಂಗ ಆಗತೈತ್ರಿ. ಹದಿನಾಕು ವರ್ಷ ಆ ವಾಡೇದಾಗ ಹಗೇವ ಇಳದಾನ. ಅಷ್ಟು ತಿಳಿಗೇಡಿ ಅಲ್ಲ ಅಂವ."

ಹನ್ನೊಂದು ಹತ್ತಕ್ಕೆ ಎಫ್.ಐ.ಆರ್. ಬರೆದು ಮುಗಿಯಿತು. ಅವಳು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೀರೆಗೆ ಒರೆಸಿಕೊಳ್ಳದೆ ಕೈ ಹಾಗೇ ಹಿಡಿದುಕೊಂಡು ಹೋದಳು.

ಮೂರು ಗಂಟೆಗೆ ಫೌಜದಾರರು ಪೊಲೀಸ್ ರಾಜಪ್ಪನೊಂದಿಗೆ ಅಂಕಲಗಿ ತಲುಪಿದರು. ಶವ ವೀರಪ್ಪನ ವಾಡೆಯ ಪಡಸಾಲೆಯಲ್ಲಿ ಕಂಬಳಿಯ ಮೇಲಿತ್ತು. ಪಂಚರ ಸಮಕ್ಷಮ ಪಂಚನಾಮೆ ಆಯಿತು. ಮೈಮೇಲೆ ಗಾಯವಿಲ್ಲ, ಕೊರಳಲ್ಲಿ ಗುರುತಿಲ್ಲ. ಶವವನ್ನು ಗೋಕಾಕದ ದವಾಖಾನೆಗೆ ಕಳಿಸಲಾಯಿತು. ಉಸಿರುಗಟ್ಟಿ ಮರಣ ಎಂಬ ವರದಿ ಮರುದಿನ ಬಂತು.

ವೀರಪ್ಪ ಐವತ್ತರ ಆಸುಪಾಸಿನವರು, ಜೋಳದ ವ್ಯಾಪಾರಿ. ಕೇಳಿದ್ದಕ್ಕೆಲ್ಲ ನಿಂತೇ ಉತ್ತರ ಕೊಟ್ಟರು.

"ಬಾಯಿ ಎಷ್ಟಕ್ಕ ತಗದ್ರಿ?"

"ನಿನ್ನೆ ಮುಂಜಾನೆ ಆರಕ್ಕ. ಇಳದದ್ದು ಹನ್ನೆರಡರ ಮ್ಯಾಲೆ."

"ಕಂದೀಲು?"

"ಯಲ್ಲಪ್ಪನೇ ತನ್ನ ಕೈಯಾರ ಇಳಿಸಿದ. ಉರೀತು."

ಅಲ್ಲಿದ್ದ ಮೂವರು ಆಳುಗಳನ್ನು ಫೌಜದಾರರು ಬೇರೆ ಬೇರೆ ಕರೆದು ಕೇಳಿದರು. ಒಬ್ಬ, ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಕಂದೀಲು ಕೆಳಗಿತ್ತು ಎಂದ. ಇನ್ನೊಬ್ಬನಿಗೆ ಗಾಜು ಮಸಿ ಹಿಡಿದಿದ್ದು ನೆನಪಿತ್ತು. ಮೂರನೆಯವನು, "'ದೀಪ ನನಗಿಂತ ಹುರುಪಿಲೆ ಐತಿ, ಅದನ್ನ ದುಡಿಯಾಕ ಹಚ್ಚರಿ' ಅಂತ ನಗಸಿದ್ನರಿ" ಎಂದು ಹೇಳಿ ಅಳತೊಡಗಿದ. ಬಾಯಿಪಾಠ ಮಾಡಿಸಿದ್ದರೆ ಮೂವರ ಮಾತೂ ಒಂದೇ ಆಗಿರುತ್ತಿತ್ತು. ದೀಪ ಉರಿದದ್ದು ಖರೆ ಎಂದು ಅಣ್ಣಾಸಾಹೇಬರಿಗೆ ಅನ್ನಿಸಿತು. ಅನ್ನಿಸಿದ ಮೇಲೆ ನೆಮ್ಮದಿ ಇನ್ನೂ ಕಡಿಮೆಯಾಯಿತು.

"ಯಾವಾಗ ಬಿದ್ದ?" ಎಂದು ಫೌಜದಾರರು ಮೊದಲನೆಯ ಆಳನ್ನು ಕೇಳಿದರು.

"ನಾಕು ಚೀಲ ತುಂಬಿ ಕೊಟ್ಟ್ರಿ. ಕೆಳಗಿನ ಜ್ವಾಳ ಗಟ್ಟಿ ಆಗೇತಿ, ಸಲಕಿ ಕೊಡ್ರಿ ಅಂದ. ಎರಡ ಏಟು ಕೇಳಿದ್ವು. ಆಮ್ಯಾಲೆ ಮಾತ ಇಲ್ಲ."

ರಾಜಪ್ಪ ಹಗ್ಗಕ್ಕೆ ಬಕೀಟು ಕಟ್ಟಿ ತಳದ ಜೋಳ ಎಳೆಸಿದ. ಕಪ್ಪಗಾಗಿತ್ತು, ಮೊಳೆತಿತ್ತು, ಮುಟ್ಟಿದರೆ ಬಿಸಿ. ಹುಳಿ ಹೆಂಡದ ವಾಸನೆ ಅಂಗಳ ತುಂಬಿತು. ಸಂಗತಿ ತಿಳಿಯಿತು. ತೊಯ್ದ ಜೋಳ ಕೊಳೆತು ಮೇಲೊಂದು ಗಟ್ಟಿ ಪದರು ಕಟ್ಟಿದೆ. ದೀಪ ನೋಡಿದ್ದು ಪದರಿನ ಮೇಲಿನ ಗಾಳಿಯನ್ನು ಮಾತ್ರ. ಸಲಿಕೆ ತಾಗಿ ಪದರು ಒಡೆದಾಗ ಕೆಳಗಿನ ವಿಷ ಒಮ್ಮೆಲೇ ಮೇಲೆದ್ದಿದೆ.

"ನೀರು ಎಲ್ಲಿಂದ ಬಂತು?"

"ಅದ ನನಗೂ ತಿಳಿವಲ್ದು," ವೀರಪ್ಪ ಅಂಗಳ ತೋರಿಸಿದರು. "ನಮ್ಮಪ್ಪನ ಕಾಲದಿಂದ ಒಂದ ಹನಿ ಇಳದಿಲ್ಲ. ಅದರಾಗ ಈ ವರ್ಷ ಅಂಗಳದಾಗ ನೀರ ನಿಲ್ಲವಲ್ದು. ಮೊದಲ ದನದ ಉಚ್ಚಿ, ಮಳಿ ನೀರು ಕೂಡಿ ಮೊಣಕಾಲ ಮಟ ಕೆಸರಾಗ್ತಿತ್ತು. ಬ್ಯಾಸಿಗ್ಯಾಗ ಗಟಾರ ಹಾಕ್ಸಿದೆ."

ಅಂಗಳದ ಇಳಿಜಾರು ಮುಗಿಯುವಲ್ಲಿ ಚೌಕಾದ ಕಲ್ಲಿನ ತೊಟ್ಟಿ, ಮೇಲೆ ಕಬ್ಬಿಣದ ಜಾಲರಿ. ಕಸ ಮಣ್ಣು ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ನೀರು ಮಾತ್ರ ಪಕ್ಕದ ತೂತಿನಿಂದ ನೆಲದಡಿಯ ಸುಟ್ಟ ಮಣ್ಣಿನ ಕೊಳವೆಗೆ ಹೋಗಿ, ಹಿತ್ತಿಲ ಗೋಡೆ ದಾಟಿ ಓಣಿಗೆ ಬೀಳಬೇಕು. ಅಚ್ಚುಕಟ್ಟಾದ ಕೆಲಸ.

"ಯಾರು ಕಟ್ಟಿದ್ದು?"

"ಶೆಟ್ಟೆಪ್ಪ. ಸತ್ತಾಂವನ ಹೇಣ್ತಿ ಅಣ್ಣ. ಗೋಕಾಕ ಫಾಲ್ಸಿನ ಗಿರಣಿ ಚಾಳಿನ್ಯಾಗೆಲ್ಲಾ ಗಟಾರ ಕಟ್ಯಾನ. ಅವನಂಥಾ ಕೈ ಸುತ್ತಲ ಇಲ್ಲ."

ಫೌಜದಾರರು ರಾಜಪ್ಪನನ್ನು ಓಣಿಗೆ ಕಳಿಸಿ, ತೊಟ್ಟಿಗೆ ಒಂದರ ಹಿಂದೊಂದು ಹನ್ನೆರಡು ಕೊಡ ನೀರು ಸುರಿಸಿದರು. ನೀರು ಗುಳುಗುಳು ಎಂದು ಇಳಿದುಹೋಯಿತು.

"ಬಂತೇನೋ ರಾಜಪ್ಪಾ?"

ಗೋಡೆಯಾಚೆಯಿಂದ ದನಿ ಬಂತು. "ಏನೂ ಬರವಲ್ದ್ರೀ ಸಾಹೇಬ್ರ! ಕೊಳವಿ ಬಾಯಾಗ ಒಂದ ಓತಿಕ್ಯಾತ ಕುಂತೈತಿ, ಅದರ ಬಾಲ ಸೈತ ತೊಯ್ದಿಲ್ಲ!"

ಆಳುಗಳು ನಕ್ಕರು. ವೀರಪ್ಪ ನಗಲಿಲ್ಲ. ಅಂಗಳ ಒಣಗಿದ್ದನ್ನು ನೋಡಿ ತೃಪ್ತರಾಗಿದ್ದ ಅವರು ನೀರು ಹೊರಗೆ ಹೋಯಿತೋ ಇಲ್ಲವೋ ಎಂದು ಓಣಿಗೆ ಹೋಗಿ ಒಮ್ಮೆಯೂ ನೋಡಿರಲಿಲ್ಲ.

ಆಗಸ್ಟ್ ೨೧, ಮುಂಜಾನೆ ಎಂಟು. ಗೋಕಾಕದಿಂದ ಮುದಿ ಗವಂಡಿ ಮುರಿಗೆಪ್ಪನನ್ನು ಕರೆಸಿ, ಪಂಚರ ಮುಂದೆ ಕೊಳವೆಯ ಸಾಲು ಅಗೆಸಲಾಯಿತು. ಅವನು ಓಣಿಯ ಕಡೆಯಿಂದ ಶುರುಮಾಡಿದ.

"ಕೊಳವಿ ಇಡೂದ ಹಿಂಗರಿ, ಕೆಳಗಿನ ತುದಿಯಿಂದ ಮ್ಯಾಲಕ್ಕ," ಎಂದ. "ಒಂದರ ಸಣ್ಣ ತುದಿ ಇನ್ನೊಂದರ ಅಗಲ ಬಾಯಾಗ ಕೂಡಬೇಕು. ಸಂದಿನ್ಯಾಗ ಸಣಬು ತುರುಕಿ ಮ್ಯಾಲೆ ಸುಣ್ಣ ಮೆತ್ತಬೇಕು. ನೋಡ್ರಿ, ಹೆಂಗ ಮೆತ್ಯಾನ! ಉಳಿ ಹಚ್ಚಿದ್ರೂ ಬಿಡವಲ್ದು."

ಹದಿನೆಂಟು ಸಂದು ಹಾಗೇ ಇದ್ದವು. ಹತ್ತೊಂಬತ್ತನೆಯದಕ್ಕೆ ಬಂದಾಗ ಮುದುಕ ಬಗ್ಗಿ ಕೈಯಿಂದಲೇ ಮಣ್ಣು ಸರಿಸಿದ. ಎರಡು ಕೊಳವೆಗಳ ನಡುವೆ ನಾಲ್ಕು ಬೆರಳಿನ ತೆರವು. ಸುತ್ತಲ ಮಣ್ಣು ರಾಡಿಯಾಗಿತ್ತು.

"ಮರತಾನೇನು?"

"ಮರತ್ರ ಸುಣ್ಣ ಕಡಿಮಿ ಬೀಳತೈತ್ರಿ. ಇಲ್ಲಿ ಕೈಯ ಮುಟ್ಟಿಲ್ಲ." ಅವನು ದಾರ ಎಳೆದು ಹಿಡಿದ. "ಇನ್ನೊಂದ ನೋಡ್ರಿ. ಹದಿನೆಂಟು ಕೊಳವಿ ದಾರದಂಗ ಬಂದಾವ. ಇಲ್ಲಿ ಎಡಕ್ಕ ಹೊಳ್ಳಿ, ಮುಂದ ಮತ್ತ ದಾರಕ್ಕ ಬಂದು ಕೂಡೇತಿ. ಕೆಳಗ ಬಂಡಿಗಲ್ಲಿಲ್ಲ, ಬೇರಿಲ್ಲ. ಸುಮ್ಮ ಸುಮ್ಮನ ಯಾವ ಗವಂಡಿ ದಾರ ಬಿಡ್ತಾನ್ರಿ?"

ರಾಜಪ್ಪ ಅಳೆದ. ಆ ತೆರವಿನಿಂದ ಹಗೇವಿನ ಕೊರಳಿಗೆ ಒಂದೂವರೆ ಮೊಳ.

ಫೌಜದಾರರು ವೀರಪ್ಪನತ್ತ ತಿರುಗಿದರು. "ಹಗೇವು ಇಲ್ಲೈತಿ ಅಂತ ಶೆಟ್ಟೆಪ್ಪಗ ಹೇಳಿದ್ರ್ಯಾ?"

"ಹೆಂಗ ಹೇಳೂದ್ರಿ? ಹಗೇವಿನ ಬಾಯಿ ಹೊರಗಿನವರಿಗೆ ತೋರಸೂ ಪದ್ಧತಿ ಇಲ್ಲ. ಮ್ಯಾಲೆ ಮಣ್ಣು ಬಡದು ಸಗಣಿ ಸಾರ್ಸಿರ್ತೀವಿ. ಗ್ವಾಡಿ ಕಡೆ ಹಿಡಕೊಂಡು ಹೋಗು ಅಂದಿದ್ದೆ, ಅಷ್ಟ."

"ಯಾರ್‍ಯಾರಿಗೆ ಗೊತ್ತಿತ್ತು?"

"ನನಗ. ನಮ್ಮ ಮನಿಯಾಕಿಗೆ." ವೀರಪ್ಪ ಹಗೇವಿನ ಬಾಯಿಯತ್ತ ನೋಡಿದರು. "ಮತ್ತ ಇಳಿಯೂ ಯಲ್ಲಪ್ಪಗ."

ಆ ದಿನ ಅಣ್ಣಾಸಾಹೇಬರು ಅಂಗಳದಲ್ಲಿ ಬಹಳ ಹೊತ್ತು ಅತ್ತಿಂದಿತ್ತ ಅಡ್ಡಾಡಿದರು. ಕೇಸು ಬಿಡಿಸಿದಂತಾಗಿತ್ತು. ಆದರೆ ಬಿಡಿಸಿಕೊಂಡು ಎಲ್ಲಿಗೆ ಒಯ್ಯುವುದು? ಫರ್ಯಾದಿಯ ಕೆಳಗೆ ಇದ್ದದ್ದು ಶೆಟ್ಟೆಪ್ಪನ ತಂಗಿಯ ಹೆಬ್ಬೆಟ್ಟು.

ಆಗಸ್ಟ್ ೨೩, ಸೋಮವಾರ. ಮೂರನೆಯ ದಿನದ ಕಾರ್ಯ ಮುಗಿಸಿದ ಶೆಟ್ಟೆಪ್ಪ ಮೂಡಲಗಿಗೆ ಹೋಗಿ, ಒಬ್ಬ ಅಂಗಡಿಕಾರನ ಹಿತ್ತಿಲಲ್ಲಿ ಕೊಳವೆ ಇಡುತ್ತಿದ್ದ. ಒಂದು ಗಂಟೆಗೆ ಫೌಜದಾರರು ಇಬ್ಬರು ಪೊಲೀಸರೊಂದಿಗೆ ಬಂದು ನಿಂತರೂ ಅವನು ಕೈಯಲ್ಲಿದ್ದ ಸಂದಿಗೆ ಸುಣ್ಣ ಮೆತ್ತಿ ಮುಗಿಸಿಯೇ ಎದ್ದ.

"ಹತ್ತೊಂಬತ್ತನೇ ಸಂದು ಯಾಕ ತೆರವು ಬಿಟ್ಟಿ?"

"ಮರತಿರಬೇಕ್ರಿ."

"ಮುರಿಗೆಪ್ಪ ಇದು ಮರೆವಲ್ಲ ಅಂತಾನ."

"ಮುರಿಗೆಪ್ಪ ನೋಡಿದ್ನ್ಯಾ?" ಶೆಟ್ಟೆಪ್ಪ ಕರಣೆ ಕೆಳಗಿಟ್ಟ. ಹಿರಿಯ ಗವಂಡಿ ತನ್ನ ಕೆಲಸ ನೋಡಿದ್ದು ಅವನಿಗೆ ಪೊಲೀಸರಿಗಿಂತ ಹೆಚ್ಚು ತಾಗಿದಂತೆ ಕಂಡಿತು. "ನೀರು ನಮ್ಮ ಓಣಿಗೆ ಬರಬಾರದಂತ ಬಿಟ್ಟೆ. ಸಾವಕಾರನ ನೀರು ಸಾವಕಾರನ ನೆಲದಾಗ ಇಂಗ್ಲಿ ಅಂದೆ."

"ಅಲ್ಲಿ ಹಗೇವು ಐತಿ ಅಂತ ಗೊತ್ತಿತ್ತು?"

"ಇಲ್ಲರಿ."

"ಮತ್ತ ದಾರ ಬಿಟ್ಟು ಎಡಕ್ಕ ಯಾಕ ಹೊಳ್ಳಿದಿ?"

ಹಿತ್ತಿಲಲ್ಲಿ ಕಲಸಿಟ್ಟ ಸುಣ್ಣದ ಮೇಲೆ ಹನಿ ಬೀಳತೊಡಗಿತು. ಶೆಟ್ಟೆಪ್ಪ ಅದರ ಮೇಲೆ ಗೋಣಿಚೀಲ ಹೊದಿಸಿ ಬಂದು ನಿಂತ.

"ಯಲ್ಲಪ್ಪನೇ ಹೇಳಿದ್ದು," ಎಂದ ಕೊನೆಗೆ. "ಕೊಳವಿ ಸಾಲಿಗೆ ಗೆರಿ ಹೊಡಿಯೂ ದಿನ. 'ಮಾಂವ, ಎಡಕ್ಕ ಹಗೇವ ಐತಿ, ಬಲಕ್ಕ ಸರದು ಹೋಗು, ನಾ ಹೇಳಿದ್ನಿ ಅಂತ ಸಾವಕಾರಗ ಗೊತ್ತಾಗಬಾರದು' ಅಂದ. ಕೊಳವಿ ಇಡೂ ದಿನ ಅಂವ ಹೊಲಕ್ಕ ಹೋಗಿದ್ದ."

"ಹಗೇವ ಇಳಿಯಾಂವ ಅವನ ಅಂತ ಗೊತ್ತಿತ್ತಲ್ಲ?"

"ಜ್ವಾಳ ಕೊಳೀತೈತಿ ಅಂತ ಗೊತ್ತಿತ್ತು. ಕೊಳತ ಜ್ವಾಳ ಮನಿಶ್ಯಾನ್ನ ತಗೋತೈತಿ ಅಂತ ಗೊತ್ತಿದ್ದಿಲ್ರಿ. ಗಾಳಿ ಕೆಟ್ಟಿದ್ರ ದೀಪ ಹೇಳತೈತಿ ಅಂದ್ಕೊಂಡಿದ್ದೆ. ಯಾವತ್ತೂ ಹೇಳತೈತಲ್ರಿ."

ಒಂದೂ ಇಪ್ಪತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಬೇಕೆಂದು ಮಾಲು ಕೆಡಿಸಿದ್ದು, ಬೇಪರವಾಯಿಯ ಎಚ್ಚರಗೇಡಿತನದಿಂದ ಮರಣಕ್ಕೆ ಕಾರಣನಾದದ್ದು, ಈ ಎರಡೂ ಕಲಮುಗಳು ಬಿದ್ದವು.

ಜಬಾನಿಯಲ್ಲಿ ಅವನು ಹೇಳಿದ ಉಳಿದ ಸಂಗತಿ ಇಷ್ಟೇ. ಕೊಳವೆಯ ತುದಿ ಬರುವುದು ಅವನ ಮನೆಯ ಬಾಗಿಲೆದುರಿಗೆ. ಅಲ್ಲಿಂದ ಹಳ್ಳಕ್ಕೆ ಇನ್ನು ಇಪ್ಪತ್ತೆರಡು ಕೊಳವೆ ಸಾಕಾಗುತ್ತಿದ್ದವು. ಕೂಲಿ ಬೇಡ, ಕೊಳವೆ ಮಾತ್ರ ಕೊಡಿಸಿರಿ ಎಂದು ಅವನು ವೀರಪ್ಪನನ್ನು ಕೇಳಿದ್ದ. "ಗವಂಡಿ ಮನಿ ಮುಂದ ಕೆಸರ ಇರಬೇಕಲೇ, ಕಲಸಾಕ ಬರತೈತಿ" ಎಂದಿದ್ದರು ವೀರಪ್ಪ. ಅಂಗಳದಲ್ಲಿದ್ದವರೆಲ್ಲ ನಕ್ಕಿದ್ದರು. ಯಲ್ಲಪ್ಪನೂ ನಕ್ಕಿದ್ದ. ಮೂರು ತಾಲೂಕಿನ ಅಂಗಳಗಳ ನೀರು ಹೊರಗೆ ಹಾಕಿಕೊಟ್ಟವನ ಹೊಸ್ತಿಲು ಪ್ರತಿ ಮಳೆಗಾಲ ವಾಡೆಯ ಅಂಗಳದಿಂದ ಉಕ್ಕಿದ ನೀರಿನಿಂದ ತೊಯ್ಯುತ್ತಿತ್ತು. ಈ ವರ್ಷ ಅದು ಒಣಗಿತ್ತು.

ಸಂಜೆ ಐದಕ್ಕೆ ಅಣ್ಣಾಸಾಹೇಬರು ಆ ಹೊಸ್ತಿಲಿಗೆ ಬಂದರು. ಗಂಡ ಸತ್ತ ಮೇಲೆ ಸತ್ತೆವ್ವ ಅಣ್ಣನ ಮನೆಯಲ್ಲೇ ಇದ್ದಳು. ಅವರು ಎಲ್ಲವನ್ನೂ ಹೇಳಿದರು.

"ಅಕಸ್ಮಾತ್ ಅಂತ ಬರೀಲಿಲ್ಲಲ್ರಿ?"

"ಇಲ್ಲವ್ವ."

"ತಪ್ಪು ನನ್ನ ಗಂಡಂದಲ್ಲ ಅಂತ ಬರದ್ರ್ಯಾ?"

"ಬರದೀನಿ."

ಅವಳು ತಲೆಯಾಡಿಸಿದಳು. ಕೇಳಿದ್ದು ಸಿಕ್ಕಿತ್ತು.

ಮಳೆ ಜೋರಾಯಿತು. ವೀರಪ್ಪ ಹಿಂದಿನ ದಿನವೇ ಆ ಸಂದಿಗೆ ಸುಣ್ಣ ಹಾಕಿಸಿ ಮಣ್ಣು ಮುಚ್ಚಿಸಿದ್ದರು. ಎದುರಿನ ಗೋಡೆಯ ಬುಡದಲ್ಲಿ ಕೊಳವೆ ಒಮ್ಮೆ ಗೊರಕ್ಕೆಂದಿತು. ಕಂದು ನೀರು ಓಣಿಯನ್ನು ದಾಟಿ ಬರತೊಡಗಿತು.

"ಮ್ಯಾಲೆ ಬರ್ರಿ ಸಾಹೇಬ್ರ," ಎಂದಳು ಸತ್ತೆವ್ವ. "ಕಾಲು ತೊಯ್ತಾವ."

ಅವಳು ಮಾತ್ರ ಕೂತಲ್ಲಿಂದ ಏಳಲಿಲ್ಲ.