ದಾಟಿ ಹೋಗದ ಹಾರ್ನ್

ಶುಕ್ರವಾರ ಬೆಳಿಗ್ಗೆ 7.40ಕ್ಕೆ ಬಸವನಗುಡಿಯ ಸಂಚಾರ ಠಾಣೆಗೆ ದೂರು ಕೊಡಲು ಬಂದ ಪ್ರಸನ್ನನ ತೋಳಿಗೆ ರಂಗೋಲಿ ಪುಡಿ ಮೆತ್ತಿತ್ತು. ಅವನ ತಾಯಿ ಶಕುಂತಲಮ್ಮ ಪಕ್ಕದ ಮನೆಯ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದಾಗ ಯಾವುದೋ ಕಾರು ಗುದ್ದಿ, ನಿಲ್ಲಿಸದೆ ಹೋಗಿತ್ತು. ಆಸ್ಪತ್ರೆ ತಲುಪುವ ಮೊದಲೇ ಆಕೆಯ ಜೀವ ಹೋಗಿತ್ತು.

"ಪಕ್ಕದ ಮನೆಗೆ ನಿಮ್ಮ ತಾಯಿ ಯಾಕೆ ರಂಗೋಲಿ ಹಾಕ್ತಿದ್ರು?" ಇನ್ಸ್‌ಪೆಕ್ಟರ್ ಹೇಮಶ್ರೀ ಕೇಳಿದರು.

"ಸುಪ್ರಜಾ ಆಂಟಿಗೆ ಸೋಮ, ಬುಧ, ಶುಕ್ರವಾರ ಡಯಾಲಿಸಿಸ್ ಮೇಡಂ, ಬಗ್ಗಕ್ಕಾಗಲ್ಲ. ಬಾಗಿಲು ಬೋಳಾಗಿರಬಾರ್ದು ಅಂತ ಅಮ್ಮನೇ ಹಾಕೋರು. ಈಚೆಗೆ ಮಂಡಿ ನೋವು, ಕೂತ್ರೆ ಏಳಕ್ಕೆ ಹೊತ್ತಾಗೋದು. ಬೇಡ ಅಂದ್ರೂ ಕೇಳ್ತಿರ್ಲಿಲ್ಲ."

"ಕಾರು ನೋಡಿದವರು?"

"ಆಂಟಿ ಯಜಮಾನ್ರು, ಸಂಕರ್ಷಣ ಅಂಕಲ್. ಆಂಬುಲೆನ್ಸ್ ಕರೆಸಿದ್ದೂ ಅವರೇ. ಅವ್ರಿಲ್ದಿದ್ರೆ ಅಮ್ಮ ರಸ್ತೇಲಿ ಒಬ್ರೇ ಬಿದ್ದಿರೋರು."

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಬರೆದುಕೊಳ್ಳಲು ಅರ್ಧ ಹಾಕಿದ ರಂಗೋಲಿ, ಬೋರಲು ಬಿದ್ದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಸಂಕರ್ಷಣ ಕೊಟ್ಟ ಹೇಳಿಕೆ ಚಿಕ್ಕದು: ಗಾಂಧಿ ಬಜಾರಿನ ಕಡೆಯಿಂದ ಒಂದು ಕಪ್ಪು ಕಾರು ಹಾರ್ನ್ ಒತ್ತಿಕೊಂಡೇ ಬಂತು, ಗುದ್ದಿತು, ಹಾರ್ನ್ ಬಿಡದೆ ಅದೇ ವೇಗದಲ್ಲಿ ಮುಂದೆ ಹೋಯಿತು.

ಎದುರು ಮನೆಯ ಕಾಲಿಂಗ್ ಬೆಲ್ಲಿನ ಕ್ಯಾಮೆರಾಕ್ಕೆ ಕಾಂಪೌಂಡ್ ಗೋಡೆ ಅಡ್ಡವಾಗಿತ್ತು. ಚಿತ್ರದಲ್ಲಿ ರಸ್ತೆಯೇ ಇಲ್ಲ, ಶಬ್ದ ಮಾತ್ರ ಇತ್ತು. ಹೇಮಶ್ರೀ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಬಸ್ಸಾಗಲಿ ಸ್ಕೂಟರಾಗಲಿ, ಹತ್ತಿರ ಬರುವಾಗ ದನಿ ಏರಿರುತ್ತಿತ್ತು, ದಾಟಿದ ಕೂಡಲೇ ಸರ್ರನೆ ಇಳಿಯುತ್ತಿತ್ತು. ಕಾಲೇಜಿನಲ್ಲಿ ಪರೀಕ್ಷೆಗೆಂದು ಉರುಹೊಡೆದಿದ್ದ ಡಾಪ್ಲರ್ ಪರಿಣಾಮ ಇದು. ಆದರೆ ಅಪಘಾತದ ಹೊತ್ತಿನ, ಬೆಳಗಿನ 5.32ರ ಆ ಉದ್ದ ಹಾರ್ನ್ ಶುರುವಿನಿಂದ ಕೊನೆಯವರೆಗೆ ಒಂದೇ ದನಿ.

ಆಂಬುಲೆನ್ಸ್ ಕರೆಸಿದವರ ಮೇಲೇ ಅನುಮಾನ ಬಂದರೂ ಹೇಮಶ್ರೀಗೆ ಅದು ಬೇಡವಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಮುತ್ತುರಾಜ್ ಜೀಪನ್ನು ಹಾರ್ನ್ ಒತ್ತಿಕೊಂಡೇ ಆ ರಸ್ತೆಯಲ್ಲಿ ಓಡಿಸಿದರು. ಕ್ಯಾಮೆರಾ ದಾಟುತ್ತಲೇ ದನಿ ಇಳಿಯಿತು. ಆಮೇಲೆ ಜೀಪನ್ನು ಸಂಕರ್ಷಣರ ಗೇಟಿನಲ್ಲಿ ನಿಲ್ಲಿಸಿ ಹಾರ್ನ್ ಒತ್ತಿದರು.

"ಇದೇ ಮೇಡಂ," ಎಂದರು ಮುತ್ತುರಾಜ್. "ಹಾರ್ನ್ ಹೊಡೆದ ಗಾಡಿ ಯಾವ ಕಡೆಗೂ ಹೋಗ್ಲೇ ಇಲ್ಲ."

ಸಂಕರ್ಷಣರ ಕಾರಿನ ಮೇಲೆ ಕವರ್ ಹೊದಿಸಿತ್ತು.

"ಇವತ್ತು ಡಯಾಲಿಸಿಸ್‌ಗೆ ಹೇಗೆ ಹೋದ್ರಿ?" ಹೇಮಶ್ರೀ ಕೇಳಿದರು.

"ಆಟೋದಲ್ಲಿ."

"ಕಾರಿದ್ದೂ?"

ಹೇಮಶ್ರೀ ಪಂಚ ಸಾಕ್ಷಿಗಳ ಎದುರಿಗೆ ಕವರ್ ತೆಗೆಸಿದರು. ಹಿಂದಿನ ಬಂಪರನ್ನು ತೊಳೆದಿದ್ದರು. ಆದರೆ ಟೈರಿನ ಗೀರುಗಳಲ್ಲಿ ರಂಗೋಲಿ ಪುಡಿ ಹಾಗೇ ಕೂತಿತ್ತು. ಸಂಕರ್ಷಣ ಮೆಟ್ಟಿಲ ಮೇಲೆ ಕೂತು ಹೇಳಿದರು.

"ಡಯಾಲಿಸಿಸ್ ದಿನ ಹಾರ್ನ್ ಹೊಡೆದು ರಿವರ್ಸ್ ತಗೊಳ್ತಿದ್ದೆ. ಶಕುಂತಲಮ್ಮ ಎದ್ದು ಡಬ್ಬಿ ಎತ್ಕೊಂಡು ಸರಿಯೋರು. ಪ್ರತಿ ಸಲ ಸರಿಯೋರು ಮೇಡಂ. ನಾನು ತಿರುಗಿ ನೋಡೋದನ್ನೇ ಬಿಟ್ಟಿದ್ದೆ."

"ಸುಳ್ಳು ಯಾಕೆ ಹೇಳಿದ್ರಿ?"

"ನಾನು ಒಳಗೆ ಹೋದ್ರೆ ಸೋಮವಾರ ಸುಪ್ರಜಾನ ಯಾರು ಕರ್ಕೊಂಡು ಹೋಗ್ತಾರೆ?"

ಸಂಜೆ 6.15ಕ್ಕೆ ಬಂಧನ. ಬಾಗಿಲಲ್ಲಿ ನಿಂತಿದ್ದ ಸುಪ್ರಜಾಗೆ ಆಗಷ್ಟೇ ವಿಷಯ ಗೊತ್ತಾಗಿತ್ತು. ಅವರು ಗಂಡನ ಮುಖ ನೋಡಲಿಲ್ಲ, ಗೇಟಿನಾಚೆಯ ಅರ್ಧ ರಂಗೋಲಿಯನ್ನೇ ನೋಡುತ್ತಿದ್ದರು. ಹೇಮಶ್ರೀ ವರದಿಯಲ್ಲಿ ಸುಳ್ಳು ಹೇಳಿಕೆಗೆ ಕಾರಣ ಬರೆಯುವ ಜಾಗಕ್ಕೆ ಬಂದರು. 'ಹೆಂಡತಿಯ ಚಿಕಿತ್ಸೆ ತಪ್ಪುವ ಭಯ' ಎಂದಷ್ಟೇ ಬರೆದರು.

ಸುದ್ದಿ ಕೇಳಿದ ಪ್ರಸನ್ನ ಕೂಗಾಡಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತ.

"ಬೆಳಿಗ್ಗೆ ಅವರ ಕಾಲಿಗೆ ಬಿದ್ದು ಥ್ಯಾಂಕ್ಸ್ ಹೇಳಿದೆ ಮೇಡಂ," ಎಂದ. "ಆಗ್ಲಾದ್ರೂ ನಿಜ ಹೇಳಿದ್ರೆ, ಆಂಟೀನ ನಾನೇ ಕರ್ಕೊಂಡು ಹೋಗ್ತಿದ್ದೆ."

ಈಗ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳುವ ಧೈರ್ಯ ಹೇಮಶ್ರೀಗೆ ಬರಲಿಲ್ಲ.