ನಲವತ್ತೆರಡು ಮನೆಗೆ ಹೋದ ಸುದ್ದಿ

"ಕಡ್ಡೀ, ನಿನ್ನ ಪ್ಯಾರಾ ಒಂದೇ ಬಾಕಿ! ಬೇಗ ಬಾ, ಅಮ್ಮ ಬೂಟು ಬಿಚ್ಚೋದ್ರೊಳಗೆ ಕಳಿಸಿಬಿಡೋಣ."

ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಕಡ್ಡಿ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಅದರ ಟೇಪನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಂಗೇನೂ ಸುದ್ದಿ ಇಲ್ಲಪ್ಪ."

"ಬಾಯಿ ಇರೋರಿಗೆಲ್ಲ ಸುದ್ದಿ ಇರತ್ತೆ. ಬಾ ಬಾ."

ಕಡ್ಡಿಯ ಅಮ್ಮ ಸೈನ್ಯದಲ್ಲಿ ಮೇಜರ್. ಎರಡು ಮೂರು ವರ್ಷಕ್ಕೊಮ್ಮೆ ಅವಳಿಗೆ ವರ್ಗ ಆಗುತ್ತಿತ್ತು. ಆಗೆಲ್ಲ ಮನೆಯೂ ಲಾರಿ ಹತ್ತುತ್ತಿತ್ತು. ಅಪ್ಪ ಪುಸ್ತಕಗಳ ಪ್ರೂಫ್ ನೋಡುವವನು. ತಪ್ಪು ಅಕ್ಷರಗಳನ್ನು ಯಾವ ಊರಲ್ಲಿ ಕೂತಾದರೂ ಹಿಡಿಯಬಹುದು, ಆದ್ದರಿಂದ ಅವನಿಗೆ ತೊಂದರೆ ಇರಲಿಲ್ಲ. ಕಡ್ಡಿಗೆ ಮಾತ್ರ ಇದು ಮೂರನೇ ಶಾಲೆ. ಬೆಂಕಿಕಡ್ಡಿಯ ಹಾಗೆ ಸಣ್ಣಗಿದ್ದಾಳೆ ಅಂತ ಮೊದಲನೇ ಶಾಲೆಯಲ್ಲಿ ಇಟ್ಟ ಹೆಸರು ಮಾತ್ರ ಎಲ್ಲ ಕಡೆಗೂ ಬೆನ್ನು ಬಿಡದೆ ಬಂದಿತ್ತು.

ಹೊಸ ಮನೆಗೆ ಬಂದ ತಿಂಗಳೊಳಗೆ ಅವರು ಹಳೆಯ ಸ್ನೇಹಿತರಿಗೆಲ್ಲ ಒಂದು ಉದ್ದನೆಯ ಈಮೇಲ್ ಕಳಿಸುತ್ತಿದ್ದರು. ಅದಕ್ಕೆ 'ಮನೆ ಸುದ್ದಿ' ಅಂತ ಹೆಸರು. ಈಗ ಅದು ನಲವತ್ತೆರಡು ಮನೆಗಳಿಗೆ ಹೋಗುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಪ್ಯಾರಾ ತಾವೇ ಬರೆಯಬೇಕು. ಅದರಲ್ಲಿ ಹೊಸದಾಗಿ ಏನು ಕಲಿಯುತ್ತಿದ್ದೇವೆ ಅನ್ನುವುದು ಇರಲೇಬೇಕು. ಇದು ಅಮ್ಮನ ಆರ್ಡರು.

ಅಮ್ಮ ಪ್ರತಿ ಊರಲ್ಲೂ ಹೊಸದೊಂದು ಹವ್ಯಾಸ ಹಚ್ಚಿಕೊಳ್ಳುತ್ತಿದ್ದಳು. ಒಂದು ಕಡೆ ಬಚ್ಚಲುಮನೆಯಲ್ಲಿ ಅಣಬೆ ಬೆಳೆದಿದ್ದಳು. ಆಗ ಸ್ನಾನಕ್ಕೆ ಹೋದವರು ಅಣಬೆಗಳನ್ನು ಕೇಳಿಕೊಂಡೇ ಚೊಂಬು ಎತ್ತಬೇಕಿತ್ತು. ಇನ್ನೊಂದು ಕಡೆ ಈಜು. ಈ ಊರಲ್ಲಿ ಗಡಿಯಾರ ರಿಪೇರಿ. ಈಗಾಗಲೇ ಮನೆಯಲ್ಲಿ ನಾಲ್ಕು ಗಡಿಯಾರಗಳಿದ್ದವು. ನಾಲ್ಕೂ ನಾಲ್ಕು ಹೊತ್ತು ತೋರಿಸುತ್ತಿದ್ದವು. ಅಪ್ಪ ಮೌತ್ ಆರ್ಗನ್ ಹಿಡಿದಿದ್ದ. ಅವನು ನುಡಿಸಲು ಶುರು ಮಾಡಿದರೆ ಪಕ್ಕದ ಮನೆಯ ನಾಯಿ ಜೊತೆಗೂಡುತ್ತಿತ್ತು.

ಕಡ್ಡಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಏನು ಬರೆಯುವುದು? ಹೊಸ ಶಾಲೆಗೆ ಸೇರಿ ಮೂರು ವಾರವಾಗಿತ್ತು. ಬಿಡುವಿನಲ್ಲಿ ಅವಳು ಮೆಟ್ಟಿಲ ಕೆಳಗಿನ ನಲ್ಲಿಯ ಹತ್ತಿರ ನಿಂತು ನೀರಿನ ಬಾಟಲಿ ತೊಳೆಯುತ್ತಿದ್ದಳು. ತೊಳೆದ ಬಾಟಲಿಯನ್ನೇ ಮತ್ತೆ ತೊಳೆಯುತ್ತಿದ್ದಳು. ಅಂಗಳದಲ್ಲಿ ಐದು ಹುಡುಗಿಯರು ಎರಡೆರಡು ಹಗ್ಗ ಒಟ್ಟಿಗೆ ತಿರುಗಿಸಿ, ನಡುವೆ ನುಗ್ಗಿ ಕುಣಿಯುತ್ತಿದ್ದರು. ಅದನ್ನು ನೋಡುತ್ತಾ ನಿಂತರೆ ಬೆಲ್ ಆಗಿಬಿಡುತ್ತಿತ್ತು.

ಅದನ್ನು ನಲವತ್ತೆರಡು ಮನೆಗೆ ಬರೆಯಲು ಆಗುತ್ತದೆಯೇ?

ಅವಳ ಬೆರಳುಗಳು ಟಪಟಪ ಓಡಿದವು. "ನಾನು ಜೋಡಿ ಹಗ್ಗದ ಆಟ ಕಲಿತಿದ್ದೇನೆ. ಈಗ ಸ್ಕೂಲ್ ಟೀಮಿನಲ್ಲಿದ್ದೇನೆ. ನನಗೆ ಐದು ಜನ ಬೆಸ್ಟ್ ಫ್ರೆಂಡ್ಸ್. ನನಗೆ ಪುಸುರೊತ್ತೇ ಇಲ್ಲ."

ಅಪ್ಪ ಕನ್ನಡಕ ಏರಿಸಿ ಓದಿದ. "ಪುಸುರೊತ್ತು ಅಲ್ಲ, ಪುರುಸೊತ್ತು," ಅಂತ ಅದೊಂದನ್ನು ತಿದ್ದಿದ. ಅವನಿಗೆ ಅಕ್ಷರದ ತಪ್ಪು ಕಂಡಷ್ಟು ಬೇಗ ಬೇರೆ ತಪ್ಪು ಕಾಣುತ್ತಿರಲಿಲ್ಲ. "ಐದು ಜನಾನಾ? ಭಲೇ!" ಅಂದು ಗುಂಡಿ ಒತ್ತಿದ. ಸುದ್ದಿ ಹೋಗಿಬಿಟ್ಟಿತು.

ಮರುದಿನದಿಂದ ಉತ್ತರಗಳು ಬರತೊಡಗಿದವು. ಅಮ್ಮ ಊಟದ ಹೊತ್ತಿಗೆ ಅವನ್ನು ಜೋರಾಗಿ ಓದುತ್ತಿದ್ದಳು. ಎಲ್ಲರೂ ಕಡ್ಡಿಗೆ ಶಹಬ್ಬಾಸ್ ಅಂದಿದ್ದರು. ಒಂದೊಂದು ಶಹಬ್ಬಾಸ್ ಬಂದಾಗಲೂ ಕಡ್ಡಿ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

ಗುರುವಾರ ಬಂದದ್ದು ಗಿರಗಿಟ್ಲೆಯ ಉತ್ತರ.

ಗಿರಗಿಟ್ಲೆ ಹಿಂದಿನ ಊರಿನ ಗೆಳತಿ, ಮೆಡಿಕಲ್ ಶಾಪಿನವರ ಮಗಳು. ನಿಂತಲ್ಲಿ ನಿಲ್ಲದವಳು. ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಪತ್ತೇದಾರಿ ಮೇಕೆಯ ಚಿತ್ರಕತೆ ಬರೆಯುತ್ತಿದ್ದರು. ಒಂದು ಪುಟ ಇವಳು, ಒಂದು ಪುಟ ಅವಳು. ಊರು ಬಿಟ್ಟ ಮೇಲೂ ಅದನ್ನು ಪೋಸ್ಟಿನಲ್ಲಿ ಅತ್ತಿಂದಿತ್ತ ಕಳಿಸಬೇಕು ಅಂತ ಮಾತಾಗಿತ್ತು. ಈಗ ಅದು ಗಿರಗಿಟ್ಲೆಯ ಕೈಯಲ್ಲಿತ್ತು.

ಅಮ್ಮ ಓದಿದಳು. "'ಕಡ್ಡಿಗೆ ಐದು ಜನ ಬೆಸ್ಟ್ ಫ್ರೆಂಡ್ಸ್ ಸಿಕ್ಕಿದ್ದು ಕೇಳಿ ಸಂತೋಷ. ಅವಳಿಗೆ ಪುರುಸೊತ್ತಿಲ್ಲ ಅಂತ ಗೊತ್ತಾಯ್ತು. ಅದಕ್ಕೆ ನಾನು ಮೇಕೆ ಪುಸ್ತಕ ಕಳಿಸಲ್ಲ. ಅವಳ ಟೈಮ್ ವೇಸ್ಟ್ ಆಗೋದು ಬೇಡ.'" ಅಮ್ಮ ತಲೆ ಎತ್ತಿದಳು. "ಇದೇನೇ, ಮುನಿಸಿಕೊಂಡ ಹಾಗಿದೆ?"

"ಗೊತ್ತಿಲ್ಲ," ಅಂದು ಕಡ್ಡಿ ತಟ್ಟೆ ಎತ್ತಿಕೊಂಡು ಎದ್ದಳು.

ಶನಿವಾರ ಅಪ್ಪ ಹೇಳಿದ, "ಅಮ್ಮ ಕನ್ನಡಕ ಮರೆತು ಹೋಗಿದ್ದಾಳೆ. ಅವಳು ಕಲಿಯೋ ಗಡಿಯಾರದ ಅಂಗಡಿಗೆ ಹೋಗಿ ಕೊಟ್ಟು ಬಾ ಪುಟ್ಟಿ."

ಅಂಗಡಿ ಎರಡು ಬೀದಿ ಆಚೆ ಇತ್ತು. ಎರಡು ಜನ ನಿಂತರೆ ಮೂರನೆಯವರು ಉಸಿರು ಹಿಡಿಯಬೇಕು, ಅಷ್ಟೇ ಜಾಗ. ಕಡ್ಡಿ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಯಾರೂ ಕಾಣಲಿಲ್ಲ. ಆಮೇಲೆ ನೋಡಿದರೆ ಅಮ್ಮ ಮೇಜಿನ ಕೆಳಗೆ ಮಂಡಿಯೂರಿ ನೆಲ ಸವರುತ್ತಿದ್ದಳು! ಮೇಲೆ ಸ್ಟೂಲಿನಲ್ಲಿ ಕೂತ ಅಂಗಡಿಯ ಅಜ್ಜ ಕೆಳಕ್ಕೆ ಬಗ್ಗಿ ಬೈಯುತ್ತಿದ್ದರು.

"ಇದು ಮೂರನೇ ಸ್ಕ್ರೂ ಮೇಡಂ. ನಿಮ್ಮ ಕೈಗೆ ಯಾಕಿಷ್ಟು ಅವಸರ?"

"ತಪ್ಪಾಯ್ತು ಅಜ್ಜ. ಸಿಕ್ತು, ಸಿಕ್ತು!"

ಅಮ್ಮ ಎದ್ದು, ಚಿಮುಟ ಹಿಡಿದು, ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಎತ್ತಿದಳು. ಅದು ಟಿಂಗ್ ಅಂತ ಹಾರಿಹೋಯಿತು.

"ನೂರಿಪ್ಪತ್ತು ಜನ ಸೈನಿಕರು ನೀವು ಹೇಳಿದಂಗೆ ಕೇಳ್ತಾರಂತೆ," ಅಂದರು ಅಜ್ಜ. "ಪಾಪ, ಈ ಸ್ಪ್ರಿಂಗಿಗೆ ಆ ವಿಷ್ಯ ಗೊತ್ತಿಲ್ಲ."

ಅಮ್ಮನಿಗೆ ಈಗ ಸಿಟ್ಟು ಬರುತ್ತದೆ ಅಂತ ಕಡ್ಡಿ ಹೆದರಿದಳು. ಆದರೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ನೊಂದ್ಸಲ ತೋರಿಸಿ ಅಜ್ಜ. ನಂಗೆ ಅರ್ಥ ಆಗ್ಲಿಲ್ಲ."

ಕಡ್ಡಿ ಒಳಗೆ ಬಂದು ಕನ್ನಡಕ ಕೊಟ್ಟಳು. ಅಜ್ಜ ಗೊಣಗುತ್ತಲೇ ಮೊದಲಿನಿಂದ ತೋರಿಸಿದರು.

ಮನೆಗೆ ಬರುವಾಗ ಕಡ್ಡಿ ಕೇಳಿದಳು, "ಅಮ್ಮ, ಅಷ್ಟೆಲ್ಲ ಬೈಸ್ಕೊಂಡ್ರೆ ನಿಂಗೆ ನಾಚಿಕೆ ಆಗಲ್ವಾ?"

"ಆಗತ್ತೆ. ಮೊದಲನೇ ದಿನ ಕಿವಿಯೆಲ್ಲ ಬಿಸಿಯಾಗಿತ್ತು."

"ಮತ್ಯಾಕೆ ಹೋಗ್ತೀಯ?"

ಅಮ್ಮ ಹೆಜ್ಜೆ ನಿಧಾನ ಮಾಡಿದಳು. "ಹೊಸ ಜಾಗಕ್ಕೆ ಬಂದಾಗ ಆಫೀಸಲ್ಲಿ ಎಲ್ಲರೂ ಸೆಲ್ಯೂಟ್ ಹೊಡೀತಾರೆ ಕಡ್ಡಿ. ಯಾರೂ ಹರಟೆ ಹೊಡೆಯಲ್ಲ. ಮಧ್ಯಾಹ್ನ ಒಬ್ಬಳೇ ಊಟ ಮಾಡ್ತೀನಿ. ಬೇಜಾರಾಗತ್ತೆ. ಏನಾದ್ರೂ ಕಲಿಯೋಕೆ ಹೋದ್ರೆ, ಬೈಯೋಕಾದ್ರೂ ಒಬ್ರು ಸಿಗ್ತಾರಲ್ಲ."

ಕಡ್ಡಿ ಅಮ್ಮನ ಮುಖವನ್ನೇ ನೋಡಿದಳು. ಅಮ್ಮನಿಗೂ ಬೇಜಾರಾಗುತ್ತದೆಯೇ? ಅವಳು ಮನೆ ಸುದ್ದಿಯಲ್ಲಿ 'ಹೊಸ ಊರು ಬಹಳ ಚೆನ್ನಾಗಿದೆ' ಅಂತಲ್ಲವೇ ಬರೆದದ್ದು?

"ಅಮ್ಮ, ನಾನು ಟೀಮಲ್ಲಿಲ್ಲ."

"ಹೂಂ?"

"ಹಗ್ಗದಾಟನೂ ಬರಲ್ಲ."

ಅಮ್ಮ ನಿಂತಳು. "ಮತ್ತೆ ಆ ಐದು ಜನ?"

"ಅವರ ಹೆಸರೂ ನಂಗೆ ಸರಿಯಾಗಿ ಗೊತ್ತಿಲ್ಲ."

ಪಕ್ಕದಲ್ಲೇ ಬಸ್ ಸ್ಟಾಪಿನ ಬೆಂಚು ಇತ್ತು. ಅಮ್ಮ ಅದರ ಮೇಲೆ ಕೂತು ಕಡ್ಡಿಯನ್ನೂ ಕೂರಿಸಿಕೊಂಡಳು. ಒಂದು ಬಸ್ಸು ಬಂತು, ಹೋಯಿತು. ಕಡ್ಡಿಯ ಮೂಗು ಸೊರಸೊರ ಅನ್ನುತ್ತಿತ್ತು. ಅಮ್ಮ ಗಡಿಯಾರದ ಎಣ್ಣೆ ಮೆತ್ತಿದ ಕರವಸ್ತ್ರ ಕೊಟ್ಟಳು.

"ದಿನಾ ಸ್ಕೂಲ್ ಹೇಗಿತ್ತು ಅಂತ ಕೇಳ್ತಿದ್ದೆ. ನೀನು 'ಚೆನ್ನಾಗಿತ್ತು' ಅಂದ ತಕ್ಷಣ ನಾನು ಬೂಟು ಬಿಚ್ಚೋಕೆ ಹೋಗ್ತಿದ್ದೆ," ಅಂದಳು ಅಮ್ಮ. "ಈಗ ಯಾರಿಗೆ ಹೇಳ್ಬೇಕು ಅನ್ಸತ್ತೆ ನಿಂಗೆ?"

"ಗಿರಗಿಟ್ಲೆಗೆ."

ಮನೆಗೆ ಬಂದು ಫೋನ್ ಮಾಡಿದರು. ಗಿರಗಿಟ್ಲೆಯ ಅಮ್ಮ ಎತ್ತಿದರು. ಹಿಂದಿನಿಂದ ಯಾರೋ ಪಿಸುಗುಟ್ಟುವುದು ಕೇಳಿಸಿತು. "ಅವಳು... ಅವಳಿಗೆ ಪುರುಸೊತ್ತಿಲ್ವಂತೆ ಕಣಮ್ಮ," ಅಂದರು ಅವರು, ಪಾಪ, ಮುಜುಗರದಿಂದ.

ಭಾನುವಾರ ಬೆಳಗ್ಗೆ ಕಡ್ಡಿ ಅಪ್ಪನ ಎದುರು ಬಂದು ನಿಂತಳು. "ಕಳಿಸಿದ ಸುದ್ದಿಯನ್ನ ವಾಪಸ್ ತರಿಸೋಕಾಗತ್ತಾ?"

"ಆಗಲ್ಲ. ತಿದ್ದುಪಡಿ ಕಳಿಸ್ಬಹುದು."

"ಎಲ್ಲರೂ ನಗ್ತಾರೆ."

"ತಿದ್ದೋದ್ರಲ್ಲಿ ನಗೋದೇನಿದೆ? ಅದು ನನ್ನ ಹೊಟ್ಟೆಪಾಡು ಕಣೇ!"

ಕಡ್ಡಿ ಬರೆಯಲು ಕೂತಳು. ಮೂರು ಸಲ ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು: "ಹೋದ ವಾರ ನಾನು ಬರೆದದ್ದು ನಿಜ ಅಲ್ಲ. ನನಗೆ ಹಗ್ಗದಾಟ ಬರುವುದಿಲ್ಲ. ಇಲ್ಲಿ ಇನ್ನೂ ಯಾರೂ ಫ್ರೆಂಡ್ ಆಗಿಲ್ಲ. ನನಗೆ ತುಂಬಾ ಪುರುಸೊತ್ತಿದೆ. ಗಿರಗಿಟ್ಲೆ, ಸಾರಿ."

ಅಪ್ಪ ಎರಡು ಸಲ ಓದಿದ. ಎಂದೂ ಹೀಗಾಗಿರಲಿಲ್ಲ, ಅವನ ಕಣ್ಣು ಒಂದೂ ತಪ್ಪು ಹುಡುಕಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅಮ್ಮ ಅಲ್ಲಿಗೆ ಬಂದು, ಬಗ್ಗಿ, ಕೆಳಗೆ ಒಂದು ಸಾಲು ಸೇರಿಸಿದಳು: "ನನ್ನ ನಾಲ್ಕು ಗಡಿಯಾರಗಳೂ ತಪ್ಪು ಹೊತ್ತು ತೋರಿಸುತ್ತಿವೆ." ಆಮೇಲೆ ಕಡ್ಡಿಯೇ ಗುಂಡಿ ಒತ್ತಿದಳು.

ಸೋಮವಾರ ಬಿಡುವಿನಲ್ಲಿ ಕಡ್ಡಿ ನಲ್ಲಿಯವರೆಗೂ ಹೋಗಿ, ಬಾಟಲಿ ತೊಳೆಯದೆ ವಾಪಸ್ ಬಂದಳು. ಅಂಗಳದಲ್ಲಿ ಹಗ್ಗಗಳು ಟಪ್ ಟಪ್ ಅಂತ ನೆಲಕ್ಕೆ ಬಡಿಯುತ್ತಿದ್ದವು. ಉದ್ದ ಜಡೆಯ ಹುಡುಗಿ ಒಂದು ತುದಿ ಹಿಡಿದಿದ್ದಳು.

"ನಂಗೆ ಇದು ಬರಲ್ಲ," ಅಂದಳು ಕಡ್ಡಿ. ದನಿ ಸ್ವಲ್ಪ ಜೋರಾಗಿಯೇ ಬಂತು. "ಒಳಗೆ ಹೇಗೆ ನುಗ್ಗೋದು?"

ಹಗ್ಗ ನಿಂತಿತು. ಐವರೂ ತಿರುಗಿ ನೋಡಿದರು.

"ಅಯ್ಯೋ, ನೀನು ಮಾತಾಡ್ತೀಯಾ!" ಅಂದಳು ಉದ್ದ ಜಡೆಯವಳು. "ದಿನಾ ದೂರದಲ್ಲೇ ನಿಂತಿರ್ತಿದ್ಯಲ್ಲ. ಮೇಜರ್ ಮಗಳು, ಜಂಭ ಅಂದ್ಕೊಂಡಿದ್ವಿ."

"ಜಂಭ ಅಲ್ಲ. ಭಯ."

ಯಾರೋ ಕಿಸಕ್ಕನೆ ನಕ್ಕರು. ಅದು ಚುಚ್ಚುವ ನಗೆಯಾಗಿರಲಿಲ್ಲ. ಹಗ್ಗ ಮತ್ತೆ ತಿರುಗಿತು. "ಈಗ! ಈಗ ಬಾ!" ಅಂದರು. ಕಡ್ಡಿ ಕಣ್ಣುಮುಚ್ಚಿ ನುಗ್ಗಿದಳು. ಒಂದು ಹಗ್ಗ ಕಾಲಿಗೆ ಸುತ್ತಿಕೊಂಡಿತು, ಇನ್ನೊಂದು ಕಿವಿಗೆ ಚುರ್ ಅಂತ ಬಾರಿಸಿತು.

"ಕಣ್ಣು ಮುಚ್ಕೊಂಡು ಯಾರಾದ್ರೂ ಬರ್ತಾರೇನೇ! ಮೊದಲು ತಿರುಗಿಸೋದು ಕಲಿ. ಕೈಗೆ ಲಯ ಸಿಕ್ಕಿದ್ಮೇಲೆ ಕಾಲಿಗೆ. ನಾವೆಲ್ಲ ಹಂಗೇ ಕಲಿತಿದ್ದು. ತಗೋ." ಉದ್ದ ಜಡೆಯವಳು ಹಗ್ಗದ ತುದಿಗಳನ್ನು ಅವಳ ಕೈಗಿಟ್ಟಳು.

ಬೆಲ್ ಆಗುವಷ್ಟರಲ್ಲಿ ಕಡ್ಡಿಯ ತೋಳು ಬಿದ್ದುಹೋಗುವಂತಾಗಿತ್ತು. "ನಾಳೆನೂ ನೀನೇ ತಿರುಗಿಸ್ಬೇಕು, ತಪ್ಪಿಸ್ಕೊಳ್ಳೋ ಹಾಗಿಲ್ಲ," ಅಂದಳು ಉದ್ದ ಜಡೆಯವಳು.

ಸಂಜೆ ಫೋನ್ ರಿಂಗಾಯಿತು. ಕಡ್ಡಿ ಎತ್ತಿದಳು. ಆ ಕಡೆ ಉಸಿರಾಟ ಮಾತ್ರ ಕೇಳಿಸಿತು. ಒಂದೇ ಕಡೆ ನಿಲ್ಲಲಾಗದವಳ ಉಸಿರಾಟ.

"ಗಿರಗಿಟ್ಲೆ?"

"ಓದಿದೆ."

"ಸಾರಿ ಕಣೇ. ಸುಳ್ಳು ಬರೀಬಾರ್ದಿತ್ತು."

"ಸುಳ್ಳಿಗೆ ನಂಗೆ ಕೋಪ ಬಂದಿಲ್ಲ. ಮೇಕೆ ಪುಸ್ತಕ ನಾಳೆ ಪೋಸ್ಟ್ ಮಾಡ್ತೀನಿ," ಅಂದಳು ಗಿರಗಿಟ್ಲೆ. "ಅದಲ್ಲ ಕಡ್ಡಿ. ನಿಂಗಾದ್ರೆ ಹೊಸ ಮನೆ, ಹೊಸ ರಸ್ತೆ, ಎಲ್ಲ ಹೊಸದು. ಬರೆಯೋಕೆ ಏನಾದ್ರೂ ಇರತ್ತೆ. ನಂಗೆ ಎಲ್ಲ ಅದೇ. ಅದೇ ಕ್ಲಾಸು, ಅದೇ ಬೆಂಚು. ನೀನೊಬ್ಳೇ ಇಲ್ಲ. ಇದನ್ನ ಸುದ್ದಿ ಅಂತ ಯಾರಿಗೆ ಬರೀಲಿ?"



ಪ್ರತಿ ಸಲ ಊರು ಬಿಡುವಾಗ ಕಡ್ಡಿ ತನಗೇ ಎಲ್ಲ ಕಷ್ಟ ಅಂದುಕೊಂಡಿದ್ದಳು. ತಾನು ಹೋಗುವವಳು, ಅಳುವವಳು, ಹೊಸ ಶಾಲೆಯ ಬಾಗಿಲಲ್ಲಿ ನಿಲ್ಲುವವಳು. ಲಾರಿ ತಿರುವಿನಲ್ಲಿ ಹೊರಳಿದ ಕೂಡಲೇ ಮುಂದಿನ ರಸ್ತೆ ಬರುತ್ತಿತ್ತು. ಫುಟ್‌ಪಾತಿನಲ್ಲಿ ಕೈ ಬೀಸುತ್ತಾ ನಿಂತವಳು ಆಮೇಲೆ ಕೈ ಇಳಿಸಿ ಎಲ್ಲಿಗೆ ಹೋದಳು ಅಂತ ಅವಳು ಒಂದು ದಿನವೂ ಯೋಚಿಸಿರಲಿಲ್ಲ.

"ಗಿರಗಿಟ್ಲೆ," ಅಂದಳು ಮೆಲ್ಲಗೆ. "ನಾವು ಹೋದ್ಮೇಲೆ ಅವತ್ತು ನೀನೇನು ಮಾಡಿದೆ?"

ಆ ಕಡೆ ಕುರ್ಚಿ ಎಳೆದ ಶಬ್ದ ಕೇಳಿಸಿತು. ನಿಂತಲ್ಲಿ ನಿಲ್ಲದ ಗಿರಗಿಟ್ಲೆ ಕೂತಿದ್ದಳು.

"ನಿಜವಾಗ್ಲೂ ಹೇಳ್ಲಾ? ಉದ್ದ ಇದೆ."

"ಹೇಳು," ಅಂದಳು ಕಡ್ಡಿ. ಫೋನನ್ನು ಹಗ್ಗದ ಪೆಟ್ಟು ಬೀಳದ ಕಿವಿಗೆ ಬದಲಾಯಿಸಿ, ಗೋಡೆಗೊರಗಿ ನೆಲದ ಮೇಲೆ ಕೂತು, ಒಂದು ಮಾತೂ ತಪ್ಪಿಹೋಗದಂತೆ ಕೇಳತೊಡಗಿದಳು.