ನಾಲ್ಕು ಬೆರಳು ಹೂಳು

“ಆ ಗಳ ಅಲ್ಲೇ ಬಿಡಿ ದೀದಿ. ಅದು ಸರ್ಕಾರದ್ದು.”

ತಾಪಸೀ ತಿರುಗಿ ನೋಡಿದಳು. ಮಾತಾಡಿದವನು ಸೊಂಟದವರೆಗೆ ಕೆಸರಲ್ಲಿ ಹೂತು ನಿಂತಿದ್ದ. ಒಂದು ಪುಸ್ತಕವನ್ನು ನೆನೆಯದಂತೆ ತಲೆಯ ಮೇಲೆ ಎತ್ತಿ ಹಿಡಿದಿದ್ದ.

“ಸರ್ಕಾರ ಇಷ್ಟು ಆಳಕ್ಕೆ ಇಳಿದದ್ದು ನಾನು ನೋಡೇ ಇಲ್ಲ. ನಿಮ್ಮ ಹೆಸರೇನು?”

“ನಿರಾಪದ.”

ಅಪಾಯವೇ ಇಲ್ಲದವನು ಅಂತೆ… ಅವಳಿಗೆ ನಗು ಬಂತು, ನುಂಗಿಕೊಂಡಳು. ಈ ಬಯಲಲ್ಲಿ ಗಳ ನೆಡುವವರು ಸಿಗಡಿ ಹೊಂಡದ ಧಣಿಯ ಕಡೆಯವರೇ. ಮೊದಲು ಗಳ, ಆಮೇಲೆ ಬೇಲಿ, ಆಮೇಲೆ ಜಮೀನೇ ಅವನದು. ಹದಿನೆಂಟು ಗಳಗಳನ್ನೂ ಕಿತ್ತು ದೋಣಿಗೆ ಹಾಕಿಯಾಗಿತ್ತು.

“ನನ್ನನ್ನಾದ್ರೂ ಎತ್ತಿ ಹೋಗಿ,” ಎಂದ ಅವನು.

“ಉಬ್ಬರ ಬರ್ತಿದೆಯಲ್ಲ, ಅದೇ ಎತ್ತುತ್ತೆ,” ಎಂದು ಅವಳು ದೋಣಿ ನೂಕಿದಳು.

ಅರ್ಧ ಗಂಟೆಯ ಮೇಲೆ ಬಂಕಿಮ ಕಾಕಾ ಬಲೆಯ ಹಗ್ಗ ಎಸೆದು ಅವನನ್ನು ಎಳೆದು ತೆಗೆದ. ಸಂಜೆ ಅಣ್ಣನ ಮನೆಗೆ ಬಂದು ಅಣ್ಣನ ಮಗಳು ತಾಪಸೀಯನ್ನು ತರಾಟೆಗೆ ತೆಗೆದುಕೊಂಡ.

“ಅವನು ಖುಲ್ನಾದಿಂದ ಹೂಳು ಅಳೆಯೋಕೆ ಬಂದವನು ಕಣೇ. ನಮ್ಮೂರಿನ ಹಣೆಬರಹವನ್ನೇ ಕಿತ್ಕೊಂಡು ಬಂದು ಬಾತುಕೋಳಿಗೆ ಬೇಲಿ ಕಟ್ಟಿದ್ದೀಯಲ್ಲ!”

ತಾಪಸೀಯ ಮುಖ ಸಣ್ಣದಾಯಿತು.

ಕಾಕಾ ಹೇಳಿದ್ದು ಸುಳ್ಳಲ್ಲ. ಅಜ್ಜಂದಿರ ಕಾಲದಲ್ಲಿ ಉಪ್ಪುನೀರು ತಡೆಯಲೆಂದು ನದಿಗೆ ಒಡ್ಡು ಕಟ್ಟಿದ್ದರು. ಉಬ್ಬರ ಹೊತ್ತು ತರುವ ಹೂಳು ಹೊರಗೇ ಉಳಿಯಿತು. ನದಿ ಮೇಲೇರಿತು, ಗದ್ದೆ ಬಟ್ಟಲಿನಂತೆ ತಗ್ಗಿತು. ಅತ್ತ ಕಡಲೂ ವರ್ಷ ವರ್ಷ ಏರುತ್ತಿತ್ತು. ಕೊನೆಗೆ ಊರವರೇ ಕೂತು ಮಾತಾಡಿ ಒಡ್ಡು ಕಡಿದರು. ದಿನಕ್ಕೆರಡು ಸಲ ಉಬ್ಬರ ಒಳಗೆ ಬರಲಿ, ಹೂಳು ಬಿಟ್ಟು ಹೋಗಲಿ, ನೆಲ ಎದ್ದು ನಿಲ್ಲಲಿ ಎಂದು. ಎರಡು ವರ್ಷದಿಂದ ಯಾರಿಗೂ ಒಂದು ಹಿಡಿ ಭತ್ತವಿಲ್ಲ. ಇನ್ನೂ ಕಾಯುವುದೋ, ಒಡ್ಡು ಮುಚ್ಚುವುದೋ? ಅದು ಆ ಗಳಗಳ ಅಳತೆಯ ಮೇಲೆ ನಿಂತಿತ್ತು.

ಬೆಳಿಗ್ಗೆ ಅವಳು ಗಳ ಹೊತ್ತು ಅವನು ಇಳಿದುಕೊಂಡಿದ್ದ ಶಾಲೆಯ ಜಗಲಿಗೆ ಹೋದಳು.

ಅವನು ಎಣಿಸಿದ. “ಹದಿನೇಳೇ ಇದೆ.”

“ಒಂದಕ್ಕೆ ಒರಗಿ ಬಾತುಕೋಳಿ ಕಾವಿಗೆ ಕೂತಿದೆ. ಧೈರ್ಯ ಇದ್ರೆ ನೀವೇ ಹೋಗಿ ಕೇಳಿ.”

ಅವನು ಹೋಗಿ ಕೇಳಿದ. ಗಳ ಸಿಕ್ಕಿತು, ಮೂಗಿನ ಮೇಲೊಂದು ಗಾಯವೂ ಸಿಕ್ಕಿತು. ತಾಪಸೀ ಅರಿಶಿನ ಹಚ್ಚಿದಳು. ಇಷ್ಟು ಹತ್ತಿರದಿಂದ ನೋಡಿದರೆ ಕಣ್ಣು ಚೆನ್ನಾಗಿವೆಯಲ್ಲ… ಎಂದುಕೊಂಡು, ಇನ್ನೊಂದು ಚಿಟಿಕೆ ಹೆಚ್ಚೇ ಹಚ್ಚಿದಳು.

ಪ್ರತಿ ಗಳದ ಹಳೇ ಗುಂಡಿಯೂ ಅವಳಿಗೆ ನೆನಪಿತ್ತು. ಅದೇ ಜಾಗಗಳಲ್ಲಿ ಹಳೇ ನೆಲ ತಾಗುವವರೆಗೆ ಗಳ ಊರಿ, ಹೂಳು ಅಳೆಯುತ್ತ ಒಂಬತ್ತು ದಿನ ಇಬ್ಬರೂ ಬಯಲು ಸುತ್ತಿದರು.

“ನಿಲ್ಲಬೇಡಿ. ನಿಂತವರನ್ನ ಕೆಸರು ಬಿಡಲ್ಲ. ಬೆರಳು ಅಗಲ ಮಾಡಿ, ಕೊಕ್ಕರೆ ತರ ನಡೀರಿ.”

“ಕೊಕ್ಕರೆಗೆ ಇಷ್ಟು ತೂಕ ಇರುತ್ತಾ?”

“ನಮ್ಮಮ್ಮ ಬಡಿಸಿದ್ದನ್ನೆಲ್ಲ ತಿಂದ್ರೆ ಕೊಕ್ಕರೆಗೂ ಇರುತ್ತೆ.”

ಕೊನೆಯ ಗಳ ಬಯಲಿನ ತುದಿಯಲ್ಲಿ, ಅವಳ ಅಪ್ಪ ದಿಗಂಬರನ ಗದ್ದೆಯಲ್ಲಿತ್ತು. ಒಡ್ಡು ಕಡಿದ ಬಾಯಿಯ ಹತ್ತಿರ ಹೂಳು ಎದೆಮಟ್ಟ ತುಂಬಿತ್ತು. ಇಲ್ಲಿ ನಿರಾಪದ ಮೂರು ಸಲ ಅಳೆದ.

“ನಾಲ್ಕು ಬೆರಳು,” ಎಂದ ಮೆಲ್ಲಗೆ.

ತಾಪಸೀ ಅವನ ಪುಸ್ತಕದ ಮೇಲೆ ಕೈ ಇಟ್ಟಳು. “ಒಂದು ಗೇಣು ಅಂತ ಬರೀರಿ. ಇದು ಕೇಳಿದ್ರೆ ನಮ್ಮ ಬಾಬಾ ಒಡ್ಡು ಮುಚ್ಚಿಸ್ತಾರೆ. ಆಮೇಲೆ ಈ ಬಟ್ಟಲಲ್ಲೇ ಮುಳುಗ್ತೀವಿ. ನನಗೋಸ್ಕರ ಬರೀರಿ.”

ಅವನು ಪುಸ್ತಕ ತೆರೆದ, ಪೆನ್ಸಿಲ್ ಊರಿದ, ಮತ್ತೆ ಎತ್ತಿದ. ಪಾದ ಹೂತುಹೋದರೂ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಊರ ಸಭೆಯಲ್ಲಿ ಅವನು ಎದ್ದು ಹೇಳಿದ: “ತುದಿಯಲ್ಲಿ ನಾಲ್ಕು ಬೆರಳು.”

ದಿಗಂಬರ ಸಿಡಿದೆದ್ದ. “ಎರಡು ವರ್ಷ ಹೊಟ್ಟೆ ಕಟ್ಟಿದ್ದಕ್ಕೆ ನಾಲ್ಕು ಬೆರಳಾ? ಮುಚ್ಚಿ ಅದನ್ನ!”

ತಾಪಸೀ ತಲೆ ಎತ್ತಲಿಲ್ಲ. ನನಗೋಸ್ಕರ ಎರಡು ಬೆರಳೂ ಜಾಸ್ತಿ ಮಾಡಲಾರದವನು…

“ನೀರು ನಿಮ್ಮ ಹತ್ತಿರ ಬರೋ ಹೊತ್ತಿಗೆ ಹೂಳೆಲ್ಲ ಬಾಯಲ್ಲೇ ಉಳಿದಿರುತ್ತೆ, ದಿಗಂಬರ ಕಾಕಾ,” ಎಂದ ನಿರಾಪದ. “ಅಲ್ಲಿಂದ ತುದಿಗೆ ಒಂದು ಕಾಲುವೆ ಬೇಕು. ಫಾಲ್ಗುಣದಲ್ಲಿ ಹೂಳು ಜಾಸ್ತಿ, ಅದಕ್ಕೆ ಮುಂಚೆ ತೋಡಬೇಕು. ನಾನು ಗೇಣು ಅಂತ ಸುಳ್ಳು ಹೇಳಿದ್ರೆ ಕಾಲುವೆ ಯಾರು ತೋಡ್ತಾರೆ?”

ಯಾರೂ ಏಳಲಿಲ್ಲ. ಅವನೇ ಗುದ್ದಲಿ ಹಿಡಿದು ಹೋಗಿ ಶುರುಮಾಡಿದ. ಐದನೇ ಏಟಿಗೆ ಕೆಸರಲ್ಲಿ ಸಿಕ್ಕಿಹಾಕಿಕೊಂಡ. ಊರೆಲ್ಲ ದಂಡೆಯ ಮೇಲೆ ನಿಂತು ನಕ್ಕಿತು.

ತಾಪಸೀ ಗುದ್ದಲಿ ತೆಗೆದುಕೊಂಡು ಇಳಿದಳು.

“ನನಗೋಸ್ಕರ ಬಂದ್ರಾ?”

“ಕಾಲುವೆಗೆ ಅಡ್ಡ ನಿಂತಿದ್ದೀರಿ. ಪಕ್ಕಕ್ಕೆ ಸರೀರಿ.”

ಆದರೆ ಕೈ ಹಿಡಿದು ಎಳೆದವಳು, ಅವನು ಮೇಲೆ ಬಂದ ಮೇಲೂ ಕೈ ಬಿಡಲಿಲ್ಲ. ಅದನ್ನು ನೋಡಿದ ಬಂಕಿಮ ಕಾಕಾ ಕೆಮ್ಮಿ, ಲುಂಗಿ ಎತ್ತಿ ಕಟ್ಟಿ ಇಳಿದ. ಅವನ ಹಿಂದೆ ಊರು ಇಳಿಯಿತು. ಕೊನೆಗೆ, ಬೈಯುತ್ತಲೇ, ದಿಗಂಬರನೂ.

ವೈಶಾಖದ ಒಂದು ಬೆಳಿಗ್ಗೆ ತುದಿಯ ಗದ್ದೆಯಲ್ಲಿ ಹೂಳು ಮೊಣಕಾಲು ದಾಟಿತ್ತು. ದಿಗಂಬರ ಒಂದು ಹಿಡಿ ತೆಗೆದು ಮೂಸಿ ನೋಡಿ, ಬೀಜದ ಭತ್ತ ಹುಡುಕಲು ಮನೆಗೆ ಹೊರಟ. ನಿರಾಪದ ಪುಸ್ತಕ ಮುಚ್ಚಿದ.

“ಅಳತೆ ಮುಗೀತಲ್ಲ. ಹೊರಡ್ತೀರಾ?” ಎಂದಳು ತಾಪಸೀ ನೀರಿನ ಕಡೆ ನೋಡುತ್ತ.

“ಹೊಸ ಹೂಳು ತನ್ನ ತೂಕಕ್ಕೇ ಕುಸಿಯುತ್ತೆ. ಇಲ್ಲೇ ಇದ್ದು ಅಳೀತಾ ಇರಬೇಕು.”

“ಎಷ್ಟು ದಿನ?”

“ಕಡಿಮೆ ಅಂದ್ರೂ ನಲವತ್ತು ವರ್ಷ.”

ಅವಳ ಕೆನ್ನೆ ಬಿಸಿಯಾಯಿತು. “ಅಲ್ಲಿವರೆಗೂ ನಮ್ಮಮ್ಮನೇ ಅನ್ನ ಹಾಕ್ತಾಳಾ?”

“ನೀವು ಹಾಕ್ತೀರೇನೋ ಅಂದ್ಕೊಂಡಿದ್ದೆ.”

“ನನಗೆ ಅಡುಗೆ ಬರಲ್ಲ.”

“ಗೊತ್ತು. ಮೊನ್ನೆ ನೀವು ಕೊಟ್ಟ ಮೀನಿನ ಸಾರು ಉಂಡ ಮೇಲೂ ಕೇಳ್ತಿದ್ದೀನಿ.”

ತಾಪಸೀ ನಕ್ಕಳು. ಆಮೇಲೆ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು.

“ಬನ್ನಿ, ಉಬ್ಬರ ಏರ್ತಿದೆ. ಬಾಬಾನ ಹತ್ರ ನೀವೇ ಮಾತಾಡ್ಬೇಕು. ನಾನು ಪಕ್ಕದಲ್ಲಿರ್ತೀನಿ.”